ಬಣ್ಣದ ಆಕಾಶದ ಬೆನ್ನ ಮೇಲೆ

ಬೆಳಗಿನ ಐದೂವರೆ. ಇನ್ನೂರು ವರ್ಷ ಹಳೆಯ ಸಂಗೀತ ರಂಗಮಂದಿರದೊಳಗೆ ಇನ್ನೂ ಮಬ್ಬು. ಮೂರು ಸುತ್ತಿನ ಉಪ್ಪರಿಗೆಗಳಿಗೂ ಮೇಲೆ ಮೋಡ, ನಕ್ಷತ್ರ, ರೆಕ್ಕೆಯ ಹೆಣ್ಣುಗಳನ್ನು ಬಿಡಿಸಿದ ಗುಮ್ಮಟದ ಚಾವಣಿ. ಅದರ ಬೆನ್ನ ಮೇಲಿನ ಹಲಗೆಯ ಓಣಿಯಲ್ಲಿ ಐವತ್ತೆಂಟರ ಹೆಂಗಸೊಬ್ಬರು ಮಂಡಿಯೂರಿ ಸಾಗುತ್ತಿದ್ದಾರೆ. ಹಣೆಗೆ ದೀಪ, ಕೈಯಲ್ಲಿ ಮರದ ಪುಟ್ಟ ಸುತ್ತಿಗೆ. ಟಕ್. ಕಿವಿಗೊಡುತ್ತಾರೆ. ಟಕ್. ಮುಂದಕ್ಕೆ ಸರಿಯುತ್ತಾರೆ.

ಇವರ ಬಗ್ಗೆ ಬರೆಯಲೆಂದು ಹಿಂದೆ ತೆವಳುತ್ತ ಬಂದ ನಾನು ಹಲಗೆಯ ಅಂಚಿನಿಂದ ಬಗ್ಗಿ ನೋಡುತ್ತೇನೆ. ಕೆಳಗಿನಿಂದ ಕಲ್ಲಿನಂತೆ ಕಾಣುವ ಸ್ವರ್ಗ ಇಲ್ಲಿ ಬರೀ ಎರಡು ಬೆರಳು ದಪ್ಪದ ಗಾರೆ! ಅದನ್ನು ತೊಲೆಗಳಿಂದ ಎತ್ತಿ ಹಿಡಿದಿರುವುದು ಆರುನೂರ ಹನ್ನೆರಡು ಮರದ ಪಟ್ಟಿಗಳು. ದಿನಕ್ಕೆ ನೂರೆರಡರಂತೆ, ವಾರದ ಆರು ದಿನದಲ್ಲಿ ಎಲ್ಲವನ್ನೂ ಇವರು ತಟ್ಟಿ ಕೇಳುತ್ತಾರೆ.

ಇಲ್ಲಿನವರು ಕರೆಯುವುದು ಹಲ್ಲಿಯಕ್ಕ ಎಂದು. ಮಾಡು ತನ್ನಿಂದಲೇ ನಿಂತಿದೆ ಎಂದುಕೊಂಡ ಹಲ್ಲಿಯ ಕತೆಯನ್ನು ಅವರೇ ಹೇಳಿ ನಗುತ್ತಾರೆ. "ನಾನು ಹೊತ್ತಿಲ್ಲಪ್ಪ. ಹೊತ್ತಿರೋರನ್ನ ದಿನಾ ಮಾತಾಡಿಸ್ತೀನಿ, ಅಷ್ಟೇ."

ಕೆಲಸ ಅಪ್ಪನಿಂದ ಬಂದದ್ದು. ಒಡಕು ಮಡಕೆ, ಗಟ್ಟಿ ಮಡಕೆ ಅಕ್ಕಪಕ್ಕ ಇಟ್ಟು, ಮಗಳ ಕಣ್ಣು ಕಟ್ಟಿ, ಸದ್ದಿನ ಪಾಠ ಹೇಳಿಕೊಟ್ಟರಂತೆ. ಮೂವತ್ತೈದು ವರ್ಷದ ಧೂಳು ಕೆಮ್ಮಾಗಿದೆ, ಮಂಡಿ ಸವೆದಿದೆ. ದರ್ಜಿ ಗಂಡ ವರ್ಷಕ್ಕೊಮ್ಮೆ ಹತ್ತಿ ತುಂಬಿದ ಮಂಡಿಪಟ್ಟಿ ಹೊಲಿದುಕೊಡುತ್ತಾರೆ.

ಒಂಬತ್ತು ವರ್ಷದ ಹಿಂದೆ, ಒಂದು ಶನಿವಾರ ಬೆಳಿಗ್ಗೆ, ಒಂದೇ ಮೂಲೆಯ ಇಪ್ಪತ್ತು ಪಟ್ಟಿಗಳ ಸದ್ದು ಒಡಕು ಮಡಕೆಯದಾಗಿತ್ತು. ಸಂಜೆ ಹೊಸ ಗೀತನಾಟಕದ ಮೊದಲ ಪ್ರದರ್ಶನ, ಒಂದು ಆಸನವೂ ಖಾಲಿಯಿಲ್ಲ. ವ್ಯವಸ್ಥಾಪಕರು ಎಂಜಿನಿಯರನ್ನು ಕರೆಸಿದರು. ಅವರು ಕೆಳಗಿನಿಂದಲೇ ದುರ್ಬೀನು ಹಿಡಿದು ನೋಡಿ, ಕೂದಲೆಳೆಯಷ್ಟೂ ಬಿರುಕಿಲ್ಲ ಎಂದುಬಿಟ್ಟರು. ಹಲ್ಲಿಯಕ್ಕ ವಾದಕ್ಕಿಳಿಯಲಿಲ್ಲ. ಹೋಗಿ ಆ ಮೂಲೆಯ ಕೆಳಗಿನ ಕುರ್ಚಿಯಲ್ಲಿ ಕೂತರು. ಬಾಗಿಲು ತೆರೆಯುವ ಹೊತ್ತಾದರೂ ಏಳಲಿಲ್ಲ.

"ಸಾರ್, ನೀವೂ ಪಕ್ಕದಲ್ಲಿ ಕೂತ್ಕೊಳ್ಳಿ. ನಿಮ್ಮ ಮಕ್ಕಳನ್ನೂ ಕರೆಸಿ. ಆಮೇಲೆ ಬಾಗಿಲು ತೆಗೀರಿ."

ವ್ಯವಸ್ಥಾಪಕರು ಕೂರಲಿಲ್ಲ. ಪ್ರದರ್ಶನ ರದ್ದಾಯಿತು. ಹೊರಗೆ ಜನ ಬಾಯಿಗೆ ಬಂದಂತೆ ಬೈದರು. ಸುತ್ತಿಗೆ ಕಸಿದುಕೊಂಡು ಹಲ್ಲಿಯಕ್ಕನನ್ನು ಮನೆಗೆ ಕಳಿಸಲಾಯಿತು. ಗಂಡ ಹೆಂಡತಿ ಇಬ್ಬರಿಗೂ ಅಂದು ಊಟ ಸೇರಲಿಲ್ಲ.

ಮರುದಿನ ಮಧ್ಯಾಹ್ನ ಮಂಚದಗಲದ ಗಾರೆ, ಒಂದು ಇಡೀ ಮೋಡದ ಸಮೇತ, ಅದೇ ಕುರ್ಚಿಗಳ ಮೇಲೆ ಬಿತ್ತು. ಹದಿನಾಲ್ಕು ಕುರ್ಚಿ ನುಚ್ಚುನೂರು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಸಂಜೆ ವ್ಯವಸ್ಥಾಪಕರೇ ಮನೆಗೆ ಬಂದು ಸುತ್ತಿಗೆಯನ್ನು ಹಲ್ಲಿಯಕ್ಕನ ಕೈಗಿಟ್ಟರು.

ಪತ್ರಿಕೆಗಳಲ್ಲಿ, ಅಪಾಯವನ್ನು ಮೊದಲೇ ಗುರುತಿಸಿದರೆಂಬ ಹೊಗಳಿಕೆ ಸಿಕ್ಕಿದ್ದು ಮಾತ್ರ ಆ ಎಂಜಿನಿಯರಿಗೆ. ಬೇಸರವಾಗಲಿಲ್ಲವೇ ಎಂದು ಕೇಳುತ್ತೇನೆ. ಹಲ್ಲಿಯಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ.

"ಜನ ಬಂದು ಒಂದ್ಸಲ ಮೇಲೆ ನೋಡಿ 'ಅಬ್ಬಾ' ಅಂತಾರೆ. ಹಾಡು ಶುರುವಾದ್ಮೇಲೆ ತಲೆ ಮೇಲೆ ಏನಿದೆ ಅನ್ನೋದನ್ನೇ ಮರೆತುಬಿಡ್ತಾರೆ. ಮರೀಲಿ. ಅದಕ್ಕೇ ತಾನೇ ನಾನಿರೋದು."