ರಾಚಪ್ಪನವರ ಅಂಗೈ

ಇವತ್ತು ಬೆಳಗ್ಗೆ ಟ್ರ್ಯಾಕ್ಟರಿನ ಕೆಳಗೆ ಅಂಗೈಯಗಲ ಎಣ್ಣೆ ಕಂಡಿತು. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಗಾವಡಗೆರೆಯ ರಾಚಪ್ಪನವರು ನೆನಪಾದರು. ಬೆಳಗ್ಗೆ ಎದ್ದು ದೇವರನ್ನು ನೆನೆಯುವವರು ನೀವಾದರೆ ನಗಬೇಡಿ; ಅವರು ಮೆಕ್ಯಾನಿಕ್.

ಆಗ ನನಗೆ ಮದುವೆಯಾದ ಹೊಸತು. ಟ್ರ್ಯಾಕ್ಟರೂ ಹೊಸತು. ಯಾರ ಮೇಲೆ ಹೆಚ್ಚು ಪ್ರೀತಿಯಿತ್ತೆಂದು ನನ್ನ ಹೆಂಡತಿಯನ್ನು ಕೇಳಬೇಡಿ, ಇನ್ನೂ ಸಿಟ್ಟಿದೆ. ತಂಬಾಕಿನ ಹೊಲ ಉತ್ತು ಬಂದರೆ ಗಾಡಿಯ ಮೈತುಂಬ ಕೆಮ್ಮಣ್ಣಿನ ಧೂಳು. ಒಂದು ದಿನ ಒರೆಸುವಾಗ ಎಂಜಿನ್ನಿನ ಬದಿಯಲ್ಲಿ ಬಾಯಿ ತೆರೆದ ಸಣ್ಣ ಕೊಳವೆ ಕಂಡಿತು. ಕಂಪನಿಯವರು ಮುಚ್ಚಳ ಹಾಕುವುದನ್ನೇ ಮರೆತಿದ್ದಾರಲ್ಲ ಎಂದುಕೊಂಡು, ಅಪ್ಪನ ಹಳೇ ಟವೆಲ್ಲಿನ ಕೆಂಪಂಚು ಹರಿದು ಬಿಗಿಯಾಗಿ ತುರುಕಿದೆ. ಆಮೇಲೆ ಮರೆತೂಬಿಟ್ಟೆ.

ತಿಂಗಳೊಳಗೆ ಎಂಜಿನ್ನಿನ ಹಿಂದೆ ಎಣ್ಣೆ ಹೊರಬರದಂತೆ ತಡೆಯುವ ಆಯಿಲ್ ಸೀಲು ಸೋರತೊಡಗಿತು. ಹುಣಸೂರಿನ ಮೆಕ್ಯಾನಿಕ್‌ಗಳು ಬಂದು ಟ್ರ್ಯಾಕ್ಟರನ್ನು ನಡುವಿಗೆ ಬಿಚ್ಚಿ ಎರಡು ತುಂಡು ಮಾಡಿ ಸೀಲು ಬದಲಿಸಿದರು. ವಾರಕ್ಕೆ ಮತ್ತೆ ಸೋರಿತು. ಮತ್ತೆ ಬಿಚ್ಚಿದರು, ಮತ್ತೆ ಸೋರಿತು. ಅಪ್ಪನ ತಾಳ್ಮೆ ಕೆಟ್ಟಿತು. "ಇದು ನಮ್ಮನೇಗೆ ಆಗ್ಬರಾಕಿಲ್ಲ ಕಣ್ಲಾ. ಸೋಮವಾರ ಪಿರಿಯಾಪಟ್ಟಣದೋರು ನೋಡಕ್ ಬತ್ತಾರೆ, ಕೊಟ್‌ಬುಡ್ತೀನಿ" ಎಂದರು. ಕೊನೆಯ ಪ್ರಯತ್ನವೆಂದು ರಾಚಪ್ಪನವರನ್ನು ಕರೆತಂದೆ.

ಅವರು ಸ್ಪ್ಯಾನರನ್ನೇ ಮುಟ್ಟಲಿಲ್ಲ. ಎಂಜಿನ್ ಚಾಲೂ ಮಾಡಿಸಿ, ಎಣ್ಣೆ ಹುಯ್ಯುವ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಒಳಗಿನ ಬಿಸಿಗಾಳಿ ಅವರ ಕೈಯನ್ನೇ ಎತ್ತಿ ಎತ್ತಿ ಹಾಕುತ್ತಿತ್ತು. "ಸೀಲೇನ್ ಮಾಡಾತು ಪಾಪ. ಉಸ್ರು ಬುಡಾಕೆ ದಾರಿ ಇಲ್ದೆ ಎಣ್ಣೆನ ನೂಕ್ತಾ ಅದೆ" ಎಂದವರೇ ಗಾಡಿಯ ಪಕ್ಕ ಕೂತು, ಕೊಳವೆಯೊಳಕ್ಕೆ ಬೆರಳು ಹಾಕಿ ಎಳೆದರು. ಎಣ್ಣೆಯಲ್ಲಿ ನೆಂದ ನನ್ನ ಬುದ್ಧಿವಂತಿಕೆ ಹೊರಗೆ ಬಂತು. ಹಿಂದೆಯೇ ಹುಸ್ಸೆಂದು ಹೊಗೆ.

ನನ್ನ ಮುಖ ನೋಡಿದರು. ಎಲ್ಲಾ ತಿಳಿದುಹೋಯಿತು ಅವರಿಗೆ. ಆ ಹೊತ್ತಿಗೆ ಅಪ್ಪ ಬಂದು "ಏನಾಗಿತ್ತು ರಾಚಪ್ಪೋರೆ?" ಎಂದರು.

"ಉಸ್ರು ಕಟ್ಟಿತ್ತು ಗೌಡ್ರೆ, ಬುಡಿಸ್ದೆ. ಮಾರ್ಬೇಡಿ" ಎನ್ನುತ್ತಾ ಬಟ್ಟೆಯನ್ನು ಮೆಲ್ಲಗೆ ಜೇಬಿಗಿಳಿಸಿದರು. ಆಮೇಲೆ ವರ್ಷಗಟ್ಟಲೆ ಆ ಸೀಲು ತೊಟ್ಟಿಕ್ಕಲಿಲ್ಲ. ಕೈಯಲ್ಲೇ ಎಂಜಿನ್ನಿನ ಸಂಕಟ ಓದಿದ ಆ ಮನುಷ್ಯನ ಮುಂದೆ ನಾನು ಬೆರಗಾಗಿ ನಿಂತಿದ್ದೆ. ಇವತ್ತಿಗೂ ಆ ಬೆರಗು ಇಳಿದಿಲ್ಲ.

ಇವತ್ತು ನಾನೂ ಎಂಜಿನ್ ಚಾಲೂ ಮಾಡಿ, ಮುಚ್ಚಳ ತೆಗೆದು ಅಂಗೈ ಇಟ್ಟೆ. ಅದರ ಉಸಿರು ಹಗುರವಾಗಿತ್ತು. ಇಷ್ಟು ವರ್ಷ ದುಡಿದ ಸೀಲು ನಿಜವಾಗಿಯೂ ಸವೆದಿದೆ, ಅಷ್ಟೆ. ಜಗಲಿಯಲ್ಲಿ ಕೂತಿದ್ದ ಅಪ್ಪನ ಹತ್ತಿರ ಹೋಗಿ, ಯಾಕೋ ತಡೆಯಲಾರದೆ, ಹಳೇ ತಪ್ಪು ಒಪ್ಪಿಕೊಂಡೆ.

"ಗೊತ್ತಿತ್ತು ಬುಡ್ಲಾ" ಎಂದರು ಅಪ್ಪ. "ಅವತ್ತು ರಾಚಪ್ಪೋರ್ ಜೇಬಿಂದ ನನ್ ಟವೆಲ್ ಅಂಚು ಇಣುಕ್ತಿತ್ತು. ಅಂತಾ ಮನ್ಸ ಮುಚ್ಚಿಟ್ಟಿದ್ದನ್ನ ನಾನ್ ಬಿಚ್ಲಾ?"