ಚಪ್ಪರದ ದಿನ ಆರಿಸಿದ ಒಲೆ

ದೊಡ್ಡಮ್ಮನ ಕಾಲಿನಲ್ಲಿ ಯಾವಾಗಲೂ ಗಂಡಸರ ಚಪ್ಪಲಿ ಇರುತ್ತಿತ್ತು. ತೀರಿಕೊಂಡ ದೊಡ್ಡಪ್ಪನದು. ಅವಳ ಪಾದಕ್ಕಿಂತ ಎರಡು ಬೆರಳು ಉದ್ದ, ಹಾಗಾಗಿ ನಡೆದರೆ ಚಟ್ ಚಟ್ ಎಂದು ಬೀದಿಯ ಆ ತುದಿಯಿಂದಲೇ ಕೇಳಿಸುತ್ತಿತ್ತು. ಆ ಸದ್ದಿಗೆ ಮುಸುರೆ ನೀರನ್ನು ಬೀದಿಗೆ ಚೆಲ್ಲಲು ಹೊರಟ ಕೈ ಹಿಂದಕ್ಕೆ ಹೋಗುತ್ತಿತ್ತು. ಚರಂಡಿಯ ಪಕ್ಕ ಕೂರಿಸಿದ ಮಗುವನ್ನು ಎತ್ತಿಕೊಂಡು ತಾಯಂದಿರು ಒಳಗೆ ಓಡುತ್ತಿದ್ದರು. ಆಗಿನ ಕೃಷ್ಣರಾಜಪುರದಲ್ಲಿ ಹೆಂಗಸರು ಚಪ್ಪಲಿ ಮೆಟ್ಟುವುದೇ ಅಪರೂಪ, ಅದರಲ್ಲೂ ಗಂಡ ಸತ್ತವಳು. ಯಾರೋ ಒಬ್ಬರು ಕೇಳಿಯೂ ಬಿಟ್ಟರು. "ನಿಮ್ ಬೀದಿ ಚೊಕ್ಕಟವಾಗಿದ್ದಿದ್ರೆ ನಾನ್ಯಾಕೆ ಮೆಟ್ಕೋತಿದ್ದೆ?" ಎಂದಳು. ಆಮೇಲೆ ಯಾರೂ ಕೇಳಲಿಲ್ಲ.

ಯುದ್ಧ ಶುರುವಾದ ಮೊದಲ ವರ್ಷಗಳು. ಮದ್ರಾಸು ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಓಡಾಡುತ್ತಿದ್ದವು, ನಮ್ಮ ಊರು ಮಾತ್ರ ಹಲಸೂರಿಗೂ ಸೋಲ್ಜರುಗಳ ದಂಡು ಪ್ರದೇಶಕ್ಕೂ ಸೊಪ್ಪು, ಹಾಲು ಕಳಿಸಿಕೊಂಡು ತನ್ನ ಪಾಡಿಗೆ ತಾನಿತ್ತು. ದೊಡ್ಡಮ್ಮನಿಗೆ ಊರಿನಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಪಂಚಾಯ್ತಿ ಕೂಡಿದಾಗ ಅವಳು ಹೊರಗಿನ ಜಗಲಿಯಲ್ಲಿ ಕೂತು ಕಿಟಕಿಯಿಂದ ಮಾತಾಡುತ್ತಿದ್ದಳು. ಸೇದುವ ಬಾವಿಗೆ ಕಟ್ಟೆ ಕಟ್ಟಿಸಿದ್ದು ಆ ಕಿಟಕಿಯಿಂದಲೇ, ಮೂಲೆಯ ದೀಪದ ಕಂಬಕ್ಕೆ ದಿನಾ ಸೀಮೆಎಣ್ಣೆ ಬೀಳುವಂತೆ ಮಾಡಿದ್ದೂ ಅಲ್ಲಿಂದಲೇ. ಒಳಗಿದ್ದವರು ಅವಳನ್ನು ಒಳಗೆ ಕರೆಯಲಿಲ್ಲ. ಕಿಟಕಿಯನ್ನು ಮುಚ್ಚುವ ಧೈರ್ಯವೂ ಅವರಿಗೆ ಬರಲಿಲ್ಲ.

ನನ್ನ ಅಪ್ಪ, ಅಮ್ಮ, ದೊಡ್ಡಪ್ಪ ಮೂವರೂ ಒಂದೇ ವರ್ಷದ ಪ್ಲೇಗಿನಲ್ಲಿ ಹೋದರು. ಆಗ ನಾನು ತೊಟ್ಟಿಲಿನಲ್ಲಿದ್ದೆ. ಸಾಕಿದವಳು ದೊಡ್ಡಮ್ಮ. ಆ ಸಾವುಗಳಿಂದಲೇ ಅವಳು ಹೀಗಾದಳು ಎಂದು ಊರಿನವರು ಹೇಳುತ್ತಿದ್ದರು. ಇರಬಹುದು. ಆದರೆ ಮದುವೆಯಾಗಿ ಬಂದ ವಾರದಲ್ಲೇ, ಒಲೆಯ ಬೂದಿಯನ್ನು ಬೀದಿಗೆ ಸುರಿಯಬೇಡಿ ಎಂದು ಅತ್ತೆಗೆ ಹೇಳಿ ಬೈಸಿಕೊಂಡಿದ್ದಳಂತೆ. ಅವಳು ಹುಟ್ಟಿದ್ದೇ ಹಾಗೆ ಎಂದು ನನ್ನ ಅಂದಾಜು.

ಪ್ಲೇಗಿಗೆ ಮುಂಚೆ ಇಲಿ ಬೀಳುತ್ತದೆ. ಮಾಡಿನಿಂದಲೋ ಅಟ್ಟದಿಂದಲೋ ಬಂದು ನಡುಮನೆಯಲ್ಲಿ ಸತ್ತು ಬೀಳುತ್ತದೆ. ಹಾಗೆ ಬಿದ್ದದ್ದು ಗೊತ್ತಾದರೆ ಹೆಲ್ತ್ ಇನ್ಸ್‌ಪೆಕ್ಟರು ಬಂದು ಬೀದಿಯನ್ನೇ ಖಾಲಿ ಮಾಡಿಸುತ್ತಿದ್ದರು. ಹೆಂಚು ಇಳಿಸಿ ಮನೆಯೊಳಗೆ ಬಿಸಿಲು ಬಿಡುತ್ತಿದ್ದರು. ಜನ ಊರಾಚೆ ಗುಡಿಸಲು ಹಾಕಿಕೊಂಡು ವಾರಗಟ್ಟಲೆ ಇರಬೇಕಾಗುತ್ತಿತ್ತು. ಅದಕ್ಕೆ ಹೆದರಿ ಜನ ಇಲಿಯನ್ನು ಮುಚ್ಚಿಡುತ್ತಿದ್ದರು, ಗುಟ್ಟಾಗಿ ಹಿತ್ತಲಲ್ಲಿ ಹೂಳುತ್ತಿದ್ದರು. ಚಳಿ ಶುರುವಾಯಿತೆಂದರೆ ದೊಡ್ಡಮ್ಮ ಮನೆಮನೆಯ ಬಾಗಿಲಲ್ಲಿ ನಿಂತು "ಇಲಿ ಬಿತ್ತಾ?" ಎನ್ನುತ್ತಿದ್ದಳು. ಬೇರೆಯವರು ಊಟ ಆಯಿತಾ ಎಂದು ಕೇಳುವ ಹಾಗೆ. ಕೇಳಿ ಮುಖ ನೋಡುತ್ತಿದ್ದಳು. ಸುಳ್ಳು ಹೇಳಿದವರ ಮನೆಗೆ ಸಂಜೆಯೊಳಗೆ ಇನ್ಸ್‌ಪೆಕ್ಟರು ಬರುತ್ತಿದ್ದರು. ಅವಳನ್ನು ಕಂಡರೆ ಊರಿಗೆ ಪ್ರೀತಿ ಇತ್ತೆಂದು ನಾನು ಹೇಳಲಾರೆ.

ನನಗೆ ಹಲಸೂರಿನ ಸಂಬಂಧ ಕೂಡಿಬಂತು. ಹುಡುಗನ ಮನೆಯವರು ಕೆರೆಯ ಹತ್ತಿರ ಮರ ಮಾರುವ ಅಡಿತಿ ಇಟ್ಟುಕೊಂಡಿದ್ದರು. ಹುಡುಗನನ್ನು ನಾನು ನೋಡಿದ್ದು ಒಂದೇ ಸಲ, ಅದೂ ತಲೆ ತಗ್ಗಿಸಿಕೊಂಡು. ಆದರೂ ಒಪ್ಪಿದ್ದೆ, ಸಂತೋಷವಾಗಿಯೇ ಒಪ್ಪಿದ್ದೆ. ಮಾಘ ಮಾಸದಲ್ಲಿ ಮುಹೂರ್ತ.

ಹಿಂದಿನ ದಿನ ಚಪ್ಪರ. ಅಂಗಳದ ತುಂಬ ಹಸಿ ತೆಂಗಿನ ಗರಿಯ ವಾಸನೆ. ನನ್ನನ್ನು ಮಣೆಯ ಮೇಲೆ ಕೂರಿಸಿ ಮುತ್ತೈದೆಯರು ಅರಿಶಿನ ಹಚ್ಚುತ್ತಿದ್ದರು. ದೊಡ್ಡಮ್ಮ ಅಲ್ಲಿರುವಂತಿರಲಿಲ್ಲ. ಶುಭಕಾರ್ಯದಲ್ಲಿ ವಿಧವೆಯರಿಗೆ ಕೊಡುವ ಜಾಗ ಉಗ್ರಾಣ. ಅಕ್ಕಿ ಬೇಳೆ ಅಳೆದುಕೊಡುವುದು ಅವರ ಕೆಲಸ. ಸಾಕಿದವಳು ಅವಳು, ಅರಿಶಿನ ಹಚ್ಚುವವರು ಬೇರೆಯವರು. ನನಗೆ ಅದು ಸರಿ ಎನಿಸಲಿಲ್ಲ, ಆದರೆ ಮದುಮಗಳು ಬಾಯಿಬಿಡುವ ಕಾಲವಲ್ಲ ಅದು.

ಮಧ್ಯಾಹ್ನದ ಹೊತ್ತಿಗೆ ಉಗ್ರಾಣದ ಬಾಗಿಲು ಮುಚ್ಚಿತು. ಅಡುಗೆಯವರು ಬೆಲ್ಲ ಬೇಕೆಂದು ತಟ್ಟಿದರೂ ತೆಗೆಯಲಿಲ್ಲ. "ಪಾಪ, ಒಬ್ಳೇ ಅಳ್ತಾ ಇರ್ಬೇಕು, ಬಿಡ್ರಿ" ಎಂದರು ಯಾರೋ. ಬಹಳ ಹೊತ್ತಿನ ಮೇಲೆ ದೊಡ್ಡಮ್ಮ ಹೊರಗೆ ಬಂದಳು. ಕಣ್ಣು ಒಣಗಿಯೇ ಇತ್ತು. ನೇರವಾಗಿ ಹಿತ್ತಲಿಗೆ ಹೋಗಿ ಅಡುಗೆಯವರಿಗೆ, "ಒಲೆ ಆರಿಸ್ರಿ" ಎಂದಳು.

ಅಕ್ಕಿ ಮೂಟೆಯ ಹಿಂದೆ ಇಲಿ ಬಿದ್ದಿತ್ತು.

ಪಕ್ಕದ ಮನೆಯ ಮಾವ ಎಂದು ನಾವು ಕರೆಯುತ್ತಿದ್ದವರು ಅವಳನ್ನು ಮೂಲೆಗೆ ಕರೆದರು. ನೆಂಟರಲ್ಲ, ಆದರೆ ಮದುವೆಯ ಓಡಾಟವೆಲ್ಲ ಅವರದೇ. "ಯಾರೂ ನೋಡಿಲ್ವಲ್ಲ ಅಕ್ಕ? ಸೀಮೆಎಣ್ಣೆ ಹಾಕಿ ಸುಟ್ಬಿಡೋಣ. ತಾಳಿ ಬಿದ್ಮೇಲೆ ನೀವೇ ಹೇಳೀರಂತೆ" ಎಂದರು.

"ಉಂಡೋರು ಮನೆಗೆ ಏನ್ ಹೊತ್ಕೊಂಡ್ ಹೋಗ್ತಾರೆ?"

"ಒಂದೇ ಒಂದ್ ದಿನ ಅಕ್ಕ."

"ಎಲ್ರ ಮನೇದೂ ಹೇಳಿಸಿದೀನಿ. ನಮ್ಮನೇದು ಮುಚ್ಚಿಡ್ಲಾ?"

ನಾನು ಮಣೆಯಿಂದ ಎದ್ದು ಹೋಗಿ ಅವಳ ಸೆರಗು ಹಿಡಿದೆ. "ದೊಡ್ಡಮ್ಮ, ನಾಳೆ ಒಂದ್ ದಿನ ಸುಮ್ನಿರು. ನಿನ್ ಕಾಲಿಗೆ ಬೀಳ್ತೀನಿ."

ಅವಳು ನನ್ನ ಮುಖ ನೋಡಲಿಲ್ಲ. "ಕೈ ಬಿಡು, ಅರಿಶಿನ ಅಂಟ್ಕೊಳ್ಳುತ್ತೆ" ಎಂದಳು. ಅಂಟಿಕೊಂಡೇ ಇತ್ತು. ಬಿಳಿ ಸೀರೆಯ ಮೇಲೆ ನನ್ನ ಐದು ಬೆರಳು. ಹಾಗೆಯೇ ಚಪ್ಪಲಿ ಮೆಟ್ಟಿಕೊಂಡು, ಇನ್ಸ್‌ಪೆಕ್ಟರಿಗೆ ಹೇಳಿಕಳಿಸಿ, ತಾನೇ ಜಟಕಾ ಹತ್ತಿ ಹಲಸೂರಿಗೆ ಹೊರಟಳು.

ಅಲ್ಲಿ ನಡೆದದ್ದನ್ನು ನನಗೆ ಹೇಳಿದವರು ಜಟಕಾ ಸಾಬರು. "ಕ್ಯಾ ಬೋಲೂಂ ಬೇಟಿ, ಏನಂತ ಹೇಳ್ಲಿ, ನಿಮ್ ದೊಡ್ಡಮ್ಮ ಅವ್ರ ಹೊಸಲು ದಾಟ್ಲಿಲ್ಲ. ಇಲಿ ಬಿದ್ದಿರೋ ಮನೆಯಿಂದ ಬಂದಿದೀನಿ, ಹತ್ರ ಬರ್ಬೇಡಿ ಅಂತ ಬೀದೀಲೇ ನಿಂತ್ಕೊಂಡು ಹೇಳಿದ್ರು. ಆ ಹುಡುಗನ ತಾಯಿ ಮಾತೇ ಕೇಳಿಸ್ಕೊಳ್ಳಿಲ್ಲ. ಸೀರೆ ಮೇಲಿನ ಅರಿಶಿನಾನೇ ನೋಡ್ತಾ ಇದ್ರು." ವಿಧವೆಯ ಮೈಮೇಲೆ ಅರಿಶಿನ, ಮದುವೆಮನೆಯ ಅಕ್ಕಿಯಲ್ಲಿ ಇಲಿ. ಎರಡು ಅಪಶಕುನ ಒಟ್ಟಿಗೆ ಬಂದ ಮೇಲೆ ಅವರಿಗೆ ಯೋಚಿಸುವ ಕೆಲಸವೂ ಉಳಿಯಲಿಲ್ಲ. ಅದೇ ತಿಂಗಳು ಹುಡುಗನಿಗೆ ಮರ್ಫಿ ಟೌನಿನ ಕಡೆಯ ಹೆಣ್ಣು ತಂದರು.

ನಮ್ಮ ಬೀದಿಯನ್ನು ಖಾಲಿ ಮಾಡಿಸಿದರು. ಎಲ್ಲರ ತೋಳಿಗೂ ಸೂಜಿ ಚುಚ್ಚಿದರು. ರೈಲು ಹಳಿಯ ಆಚೆಯ ಹೊಲದಲ್ಲಿ ಗುಡಿಸಲು ಹಾಕುವಾಗ ಗರಿ ಸಾಲದೆ ಬಂತು. ದೊಡ್ಡಮ್ಮ ನನ್ನ ಮದುವೆಯ ಚಪ್ಪರವನ್ನು ಬಿಚ್ಚಿಸಿ ಗಾಡಿಯಲ್ಲಿ ಹಾಕಿಸಿ ತಂದಳು. ಒಂದೂವರೆ ತಿಂಗಳು ನಾನು ಆ ಗರಿಗಳ ಕೆಳಗೆ ಅಂಗಾತ ಮಲಗಿ, ಅವು ಹಸಿರಿನಿಂದ ಕಂದಾಗುವುದನ್ನು ನೋಡಿದೆ. ಅವಳ ಜೊತೆ ಒಂದು ಮಾತೂ ಆಡಲಿಲ್ಲ.

ಆ ವರ್ಷ ನಮ್ಮ ಬೀದಿಯಲ್ಲಿ ಯಾರೂ ಸಾಯಲಿಲ್ಲ. ತೊಂದರೆಯಾದದ್ದೇ ಅಲ್ಲಿ. ಒಬ್ಬರಾದರೂ ಸತ್ತಿದ್ದರೆ ಅವಳು ಮಾಡಿದ್ದು ಸರಿ ಎಂದು ಜನ ಒಪ್ಪುತ್ತಿದ್ದರೇನೋ. ಎಲ್ಲರೂ ಗಟ್ಟಿಮುಟ್ಟಾಗಿ ಮನೆಗೆ ವಾಪಸು ಬಂದದ್ದರಿಂದ, ಒಂದು ಯಃಕಶ್ಚಿತ್ ಇಲಿಗಾಗಿ ತಬ್ಬಲಿ ಹೆಣ್ಣಿನ ಮದುವೆ ಮುರಿದಳು ಎಂಬ ಮಾತು ಉಳಿಯಿತು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಮುಂದೆ ಬಂದ ಒಂದೆರಡು ಸಂಬಂಧಗಳೂ ಇಲಿಯ ಸುದ್ದಿ ಕಿವಿಗೆ ಬಿದ್ದು ಹಿಂದೆ ಸರಿದವು. ದೊಡ್ಡಮ್ಮ ನನ್ನನ್ನು ಟೀಚರ್ ಟ್ರೈನಿಂಗಿಗೆ ಕಳಿಸಿದಳು, ನಾನು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೇಡಮ್ ಆದೆ. ಮದುವೆಯಾಗಲಿಲ್ಲ. ನನಗೆ ಅವಳ ಮೇಲೆ ಕೋಪವಿತ್ತು, ಒಂದೇ ಒಲೆಯ ಅನ್ನ ಉಣ್ಣುತ್ತ ವರ್ಷಗಳ ಕಾಲ ಇತ್ತು. ಅವಳು ಸಮಾಧಾನ ಹೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಚಳಿ ಬಂದಾಗ ಚಪ್ಪಲಿ ಮೆಟ್ಟಿಕೊಂಡು "ಇಲಿ ಬಿತ್ತಾ?" ಎಂದು ಹೊರಡುತ್ತಿದ್ದಳು. ಆ ಸೀರೆಯನ್ನು ಎಷ್ಟು ಒಗೆದರೂ ಬೆರಳಿನ ಗುರುತು ಪೂರ್ತಿ ಹೋಗಲಿಲ್ಲ. ಅದನ್ನೇ ಉಡುತ್ತಿದ್ದಳು.

ಸ್ವಾತಂತ್ರ್ಯ ಬಂದ ಮರುವರ್ಷ ಅವಳು ಹಾಸಿಗೆ ಹಿಡಿದಳು. ಎದೆನೋವು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ ನಾನು ಕೇಳಿಬಿಟ್ಟೆ. "ಅವತ್ತು ನಿಂಗೆ ಒಂದ್ ಸಲನಾದ್ರೂ ಆ ಇಲೀನ ಸುಟ್ಬಿಡೋಣ ಅನ್ನಿಸ್ಲಿಲ್ವಾ?"

"ಅನ್ನಿಸ್ತು" ಎಂದಳು. "ಕಡ್ಡಿಪೆಟ್ಟಿಗೆ ಕೈಲಿ ಹಿಡ್ಕೊಂಡೇ ಕೂತಿದ್ದೆ. ಬಾಗಿಲು ಹಾಕ್ಕೊಂಡಿದ್ದು ಮತ್ಯಾಕೆ?"

ನಾನು ಬಟ್ಟಲನ್ನು ಕೆಳಗಿಟ್ಟೆ. ಅಷ್ಟು ವರ್ಷ ಅವಳದು ಕಲ್ಲಿನ ಎದೆ ಎಂದುಕೊಂಡು ಬದುಕಿದ್ದೆ. ಅದಾದ ಎಂಟು ಹತ್ತು ದಿನಕ್ಕೆ ಅವಳು ಹೋದಳು.

ತಿಥಿಯ ಊಟಕ್ಕೆ ಅದೇ ಅಂಗಳದಲ್ಲಿ ಎಲೆ ಹಾಕಿಸಿದೆ. ಬಡಿಸುತ್ತ ಬಂದಾಗ ನನಗೆ ಅರಿವಾಯಿತು, ಪಂಕ್ತಿಯಲ್ಲಿ ಕೂತವರೆಲ್ಲ ಆವತ್ತು ನನ್ನ ಮದುವೆಗೆ ಬರಬೇಕಾಗಿದ್ದವರೇ. ಒಬ್ಬರೂ ತಪ್ಪಿರಲಿಲ್ಲ. ಅರಿಶಿನ ಹಚ್ಚಿದವರಿದ್ದರು, ಪಾಪ ಅಳ್ತಾ ಇರ್ಬೇಕು ಎಂದವರಿದ್ದರು. ಅಂದು ಕಂಕುಳಲ್ಲಿದ್ದ ಮಕ್ಕಳು ದೊಡ್ಡವರಾಗಿ, ಪಾಯಸ ಇನ್ನೊಂದಿಷ್ಟು ಎಂದು ಕೈಯೊಡ್ಡುತ್ತಿದ್ದರು. ನಾನು ಸೌಟು ಹಿಡಿದು ಅಲ್ಲೇ ನಿಂತುಬಿಟ್ಟೆ. ಅಳು ಬಂತು. ಸತ್ತ ದಿನ ಬಂದಿರಲಿಲ್ಲ.

ಊಟ ಮುಗಿಸಿ ಪಕ್ಕದ ಮನೆಯ ಮಾವ ಎದ್ದು ಬಂದರು. ಕೈಗೆ ಚೊಂಬಿನಲ್ಲಿ ನೀರು ಕೊಟ್ಟೆ. "ನಿನ್ ಮದುವೆ ಊಟ ಒಂದು ನಮಗೆ ತಪ್ಪೋಯ್ತು ನೋಡಮ್ಮ" ಎಂದರು, ನೊಂದುಕೊಂಡೇ.

"ತಪ್ಪಿದ್ದಕ್ಕೇ ಇವತ್ತು ಊಟಕ್ಕೆ ಬಂದಿದೀರಿ ಮಾವ" ಎಂದೆ.

ಅವರು ಚೊಂಬು ಹಿಡಿದು ಬೀದಿಬಾಗಿಲಿಗೆ ಹೋದರು. ಕೈತೊಳೆಯಲು ಬಗ್ಗಿದವರು ಹಾಗೇ ನಿಂತರು. ಚಪ್ಪಲಿಯ ಸದ್ದು ಕೇಳಿಸಿತೇನೋ ಎಂಬಂತೆ ಬೀದಿಯ ಆ ತುದಿಯನ್ನೊಮ್ಮೆ, ಈ ತುದಿಯನ್ನೊಮ್ಮೆ ನೋಡಿದರು. ಆಮೇಲೆ ತಿರುಗಿ ಒಳಗೆ ಬಂದು, ಅಂಗಳ ದಾಟಿ, ಹಿತ್ತಲಿನ ಬಾಳೆಯ ಬುಡದಲ್ಲಿ ಕೈ ತೊಳೆದುಕೊಂಡರು.