ಕ್ಯಾಮೆರಾದ ಬೆನ್ನಿಗೆ ನಿಂತ ಕೇಬಲಕ್ಕ

2025ರ ಮಾರ್ಚ್ 9, ಭಾನುವಾರ, ಬೆಳಗಿನ ಜಾವ 5 ಗಂಟೆ 40 ನಿಮಿಷ. ಆರು ಸಾವಿರ ಖಾಲಿ ಕುರ್ಚಿಗಳ ನಡುವೆ ಒಬ್ಬ ಹೆಂಗಸು ಮಂಡಿಯೂರಿ ಕುಳಿತು ಕಪ್ಪು ಕೇಬಲ್ಲೊಂದನ್ನು ಗೇಣು ಗೇಣಾಗಿ ಸವರುತ್ತಿದ್ದಾರೆ. ಮೇಲಿನ ಸಿಪ್ಪೆ ಸುಲಿದಿದೆಯೇ, ಯಾರಾದರೂ ಪೆಟ್ಟಿಗೆಯ ಚಕ್ರ ಹತ್ತಿಸಿ ಒಳಗಿನ ತಂತಿ ಜಜ್ಜಿದೆಯೇ ಎಂಬುದು ಅವರಿಗೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಕೇಬಲ್ಲಿನ ಉದ್ದ ನೂರಿಪ್ಪತ್ತು ಮೀಟರ್, ತೂಕ ಹದಿನಾಲ್ಕು ಕಿಲೋ. ಪೂರ್ತಿ ಸವರಲು ಇಪ್ಪತ್ತೆರಡು ನಿಮಿಷ ಬೇಕು. ಇವತ್ತು ಇದು ಎರಡನೇ ಸಲ. ಅಗತ್ಯವೇನೂ ಇಲ್ಲ, ಕೈ ಸುಮ್ಮನಿರುತ್ತಿಲ್ಲ ಅಷ್ಟೆ.

“ಇವತ್ತು ಇದು ಬೇಕಾಗಲ್ಲ ಅಂದಿದಾರೆ. ಆದ್ರೂ ರೆಡಿ ಮಾಡಿ ಕೂರಿಸ್ತೀನಿ. ಮದುವೆಗೆ ಕರೀದಿದ್ರೂ ತಲೆ ಬಾಚ್ಕೊಂಡು ಕೂತ್ಕೊಂಡ ಹಾಗೆ,” ಎನ್ನುತ್ತಾರೆ.

ಈ ಒಳಾಂಗಣದಲ್ಲಿ ತಿಂಗಳಿಗೆ ಎಂಟು ಬಾರಿ ಮನರಂಜನೆಯ ಕುಸ್ತಿ ನಡೆಯುತ್ತದೆ. ಹೊಗೆ, ದೀಪ, ಸಂಗೀತದ ನಡುವೆ ಮಲ್ಲರು ಮೂವತ್ತೆಂಟು ಮೀಟರ್ ಉದ್ದದ ಎತ್ತರದ ಹಾದಿಯಲ್ಲಿ ನಡೆದು ಕಣಕ್ಕೆ ಬರುತ್ತಾರೆ. ಅವರ ಮುಖವನ್ನು ತೆರೆಯ ಮೇಲೆ ತೋರಿಸಲು ಒಬ್ಬ ಕ್ಯಾಮೆರಾಮನ್ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಅವರ ಮುಂದೆ ಹಿಮ್ಮುಖವಾಗಿ ನಡೆಯುತ್ತಾರೆ. ಹಾದಿಗೆ ಕಂಬಿಗಳಿಲ್ಲ. ತಪ್ಪಿದರೆ ನೆಲ ಒಂದೂಕಾಲು ಮೀಟರ್ ಕೆಳಗೆ. ಆತನ ಬೆನ್ನ ಹಿಂದೆ ಒಂದು ಕೈಯಲ್ಲಿ ಆತನ ಸೊಂಟದ ಬೆಲ್ಟು, ಇನ್ನೊಂದು ಕೈಯಲ್ಲಿ ಕೇಬಲ್ ಹಿಡಿದು ಏಡಿಯಂತೆ ಅಡ್ಡಡ್ಡ ಸರಿಯುವವರೇ ನಲವತ್ತೇಳು ವರ್ಷದ ಈ ಅಕ್ಕ. ಕಟ್ಟಡದಲ್ಲಿ ಎಲ್ಲರ ಬಾಯಲ್ಲೂ ಅವರು ಕೇಬಲಕ್ಕ.

ಬೆಲ್ಟನ್ನು ಒಮ್ಮೆ ಎಳೆದರೆ ‘ನಿಲ್ಲು’, ಎರಡು ಸಲ ಎಳೆದರೆ ‘ಮೆಟ್ಟಿಲು ಬಂತು’, ಅಂಗೈ ಬೆನ್ನಿಗೆ ತಾಗಿದರೆ ‘ಬಾ, ಹಾದಿ ಸಾಫಾಗಿದೆ’. ಒಂಬತ್ತು ವರ್ಷಗಳಲ್ಲಿ ಕ್ಯಾಮೆರಾಮನ್ ಒಮ್ಮೆಯೂ ಹಿಂದಿರುಗಿ ನೋಡಿಲ್ಲ, ಒಮ್ಮೆಯೂ ಬಿದ್ದಿಲ್ಲ. ಕೇಬಲಕ್ಕನೂ ಮೇಲೆ ನೋಡಿಲ್ಲ. ಅವರ ಲೋಕವೇನಿದ್ದರೂ ಮೊಣಕಾಲಿನಿಂದ ಕೆಳಗೆ. “ಸಿಡಿಲು ಅಂತ ಒಬ್ಬ ಇದಾನಲ್ಲ, ಜನ ಪ್ರಾಣ ಬಿಡ್ತಾರೆ. ನನಗೆ ಗೊತ್ತಿರೋದು ಅವನ ಕೆಂಪು ಬೂಟು. ಎಡಗಡೆ ಲೇಸು ಯಾವತ್ತೂ ಸಡಿಲ. ಮುಖ ಪೋಸ್ಟರಲ್ಲೇ ನೋಡಿದ್ದು.”

ಮನೆಯಲ್ಲಿ ಅತ್ತೆ, ಬೇಕರಿಯ ಒಲೆ ನೋಡಿಕೊಳ್ಳುವ ಗಂಡ, ಕಾಲೇಜಿಗೆ ಹೋಗುವ ಮಗಳು. ಟಿವಿಯಲ್ಲಿ ಕುಸ್ತಿ ಬಂದರೆ ಮೂವರೂ ಕಣ್ಣು ನೆಟ್ಟು ಕೂರುತ್ತಾರೆ. ಮಗಳ ದೂರು ಒಂದೇ: “ಅಮ್ಮಾ, ನೀನು ಎಲ್ಲೂ ಕಾಣಲ್ವಲ್ಲೇ!” ಅಮ್ಮನ ಉತ್ತರವೂ ಒಂದೇ: “ಕಂಡ್ರೆ ಬೈಸ್ಕೋತೀನಿ ಕಣೇ.” ಅತ್ತೆ ಮಾತ್ರ ಬಿಟ್ಟುಕೊಡುವವರಲ್ಲ. ತೆರೆಯ ಅಂಚಿನಲ್ಲಿ ಯಾವ ನೆರಳು ಸುಳಿದರೂ “ಅಗೋ, ನನ್ನ ಸೊಸೆ!” ಎನ್ನುತ್ತಾರೆ.

ಈ ಕೆಲಸ ಅವರು ಹುಡುಕಿಕೊಂಡು ಬಂದದ್ದಲ್ಲ. ಮೊದಲು ಇಲ್ಲೇ ಕುರ್ಚಿಗಳ ಸಾಲು ಗುಡಿಸುತ್ತಿದ್ದರು. ಧೂಳೆಳೆಯುವ ಯಂತ್ರದ ಐವತ್ತು ಮೀಟರ್ ವಯರನ್ನು ಒಂದು ಕುರ್ಚಿಯ ಕಾಲಿಗೂ ಸಿಕ್ಕಿಸದೆ ಎಳೆದುಕೊಂಡು ಹೋಗುವುದನ್ನು ಈ ಕ್ಯಾಮೆರಾಮನ್ ನೋಡಿದರು. ಆ ವಾರ ಹಳೆಯ ಕೇಬಲ್ಲಿನವರ ಪಾದ ಉಳುಕಿತ್ತು. “ಅಕ್ಕಾ, ಒಂದು ದಿನ ನನ್ನ ಹಿಂದೆ ನಡೀತೀರಾ?” ಎಂದು ಕೇಳಿದರು. ಆ ಒಂದು ದಿನ ಒಂಬತ್ತು ವರ್ಷವಾಗಿದೆ.

ಇವತ್ತು ಅದೇ ಲೆಕ್ಕ ಮುಗಿಯಬಹುದು. ಕ್ಯಾಮೆರಾದ ಹಿಂಬದಿಗೆ ಅಂಗೈಯಗಲದ ಪೆಟ್ಟಿಗೆಯೊಂದನ್ನು ಕೂರಿಸಿದ್ದಾರೆ. ಅದು ಚಿತ್ರವನ್ನು ಗಾಳಿಯಲ್ಲೇ ಕಳಿಸುತ್ತದೆ, ಕಣದ ಪಕ್ಕದ ರಿಸೀವರ್ ಹಿಡಿದುಕೊಳ್ಳುತ್ತದೆ. ಮಧ್ಯಾಹ್ನದ ಪ್ರದರ್ಶನದಲ್ಲಿ ಚಿತ್ರ ಒಡೆಯದಿದ್ದರೆ ಮುಂದಿನ ತಿಂಗಳಿಂದ ಕೇಬಲ್ಲೂ ಇಲ್ಲ, ಕೇಬಲಕ್ಕನೂ ಇಲ್ಲ. ಬೆಲ್ಟ್ ಹಿಡಿಯುವ ಕೆಲಸಕ್ಕೆ ಕಡತದಲ್ಲಿ ಬೇರೆ ಹುದ್ದೆಯ ಹೆಸರಿಲ್ಲ.

ಆರು ಗಂಟೆಗೆ ಪರೀಕ್ಷೆ. ಪೆಟ್ಟಿಗೆ ಕೂರಿಸಿದ ಎಂಜಿನಿಯರ್ ಕೇಬಲಕ್ಕನನ್ನು ಮೊದಲ ಸಾಲಿನಲ್ಲಿ ಕೂರಿಸುತ್ತಾರೆ: “ಸುಮ್ನೆ ಕೂತು ನೋಡಿ ಅಕ್ಕಾ.” ಕ್ಯಾಮೆರಾಮನ್ ಖಾಲಿ ಹಾದಿಯಲ್ಲಿ ಒಬ್ಬರೇ ನಾಲ್ಕು ಸಲ ಹಿಮ್ಮುಖವಾಗಿ ನಡೆಯುತ್ತಾರೆ, ಆಮೆಯ ಹಾಗೆ, ಪ್ರತಿ ಹೆಜ್ಜೆಗೂ ಹಿಮ್ಮಡಿಯಿಂದ ನೆಲ ತಡಕುತ್ತ. ಚಿತ್ರ ಕನ್ನಡಿಯಷ್ಟು ಸ್ವಚ್ಛ. ಕೇಬಲಕ್ಕ ಕುರ್ಚಿಯ ಅಂಚಿಗೆ ಬಂದು ಕೂತಿದ್ದಾರೆ. ಬೆಲ್ಟ್ ಹಿಡಿಯುವ ಎಡಗೈ ತನ್ನಷ್ಟಕ್ಕೆ ಮುಷ್ಟಿ ಕಟ್ಟುತ್ತದೆ, ಬಿಚ್ಚುತ್ತದೆ.

“ಹೀಗೆ ಇರುವೆ ನಡೆದ ಹಾಗೆ ನಡೆಯೋಕಾಗಲ್ಲ. ಶೋನಲ್ಲಿ ಅಕ್ಕ ಬೆಲ್ಟ್ ಹಿಡೀಲೇಬೇಕು,” ಎಂದು ಕ್ಯಾಮೆರಾಮನ್ ಹಟ ಹಿಡಿಯುತ್ತಾರೆ. ಎಂಜಿನಿಯರ್ ಭುಜ ಕುಣಿಸುತ್ತಾರೆ. “ಹಿಡೀಲಿ ಬಿಡಿ, ಏನು ನಷ್ಟ?”

ಮಧ್ಯಾಹ್ನ ಮೂರು. ಕುರ್ಚಿಗಳೆಲ್ಲ ಭರ್ತಿ. ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಕೇಬಲಕ್ಕನ ಒಂದು ಕೈ ಖಾಲಿ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮೊದಲು ಬೆನ್ನ ಹಿಂದೆ, ಆಮೇಲೆ ಜೇಬಿನಲ್ಲಿ ಇಡುತ್ತಾರೆ. ಮೊದಲ ಮಲ್ಲ ಹಾದಿಗಿಳಿದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕಿವಿಯ ಹೆಡ್‌ಫೋನಿನಲ್ಲಿ ಪ್ರದರ್ಶನದ ನಿರ್ದೇಶಕಿಯ ದನಿ: “ಒಡೀತಿದೆ! ಚಿತ್ರ ಒಡೀತಿದೆ!” ತೂಗುಹಾಕಿದ ದೊಡ್ಡ ತೆರೆಯಲ್ಲಿ ಮಲ್ಲನ ಮುಖ ಚೌಕ ಚೌಕವಾಗಿ ಚೂರಾಗುತ್ತದೆ. ಎರಡನೆಯವನಿಗೂ ಅದೇ ಪಾಡು. ಜನ ಹೋ ಎನ್ನುತ್ತಾರೆ.

“ಹಾಲು ಕುಡಿದಷ್ಟು ಸಂತೋಷ ಆಯ್ತು. ಸುಳ್ಳು ಯಾಕೆ ಹೇಳಲಿ?” ಎನ್ನುತ್ತಾರೆ ಕೇಬಲಕ್ಕ.

ಮೂರನೆಯವನ ಹೊತ್ತಿಗೆ ಅವರಿಗೊಂದು ಅನುಮಾನ. ಹಾದಿಯ ತಿರುವಿನಲ್ಲಿ ಅವರು ಪಕ್ಕಕ್ಕೆ ಸರಿಯುತ್ತಾರೆ. ಅಲ್ಲಿ ಕಿವಿಯ ಬೈಗುಳ ನಿಲ್ಲುತ್ತದೆ. ನೇರಕ್ಕೆ ಬಂದು ಬೆನ್ನ ಹಿಂದೆ ನಿಂತರೆ ಮತ್ತೆ “ಒಡೀತಿದೆ!” ನಾಲ್ಕನೆಯವನಿಗೆ ಬೇಕೆಂದೇ ಹಾಗೆ ಮಾಡಿ ನೋಡುತ್ತಾರೆ. ಪಕ್ಕಕ್ಕೆ ಸರಿ: ಮೌನ. ಹಿಂದೆ ನಿಲ್ಲು: ಬೈಗುಳ. ಪಕ್ಕಕ್ಕೆ: ಮೌನ. ಅವರದು ಐದೂಮುಕ್ಕಾಲು ಅಡಿ ಎತ್ತರ. ತಲೆ ಸರಿಯಾಗಿ ಆ ಪೆಟ್ಟಿಗೆಗೂ ಕಣದ ರಿಸೀವರಿಗೂ ನಡುವೆ ಬರುತ್ತದೆ. ಬೆಳಿಗ್ಗೆ ಚಿತ್ರ ಒಡೆಯದಿದ್ದದ್ದು ಅವರು ಕುರ್ಚಿಯಲ್ಲಿ ಕೂತಿದ್ದರಿಂದ.

ಇದು ಆ ಕಟ್ಟಡದಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲ. ಜನ ತುಂಬಿದ್ದರಿಂದ ಹೀಗಾಯಿತು ಎಂದು ಎಂಜಿನಿಯರ್ ಬೆವರೊರೆಸುತ್ತಿದ್ದಾರೆ. ಇನ್ನು ಉಳಿದದ್ದು ಸಿಡಿಲಿನ ಪ್ರವೇಶ ಒಂದೇ. “ಇನ್ನೊಂದು ಸಲ ಒಡೆದ್ರೆ ಈ ಡಬ್ಬಾನ ವಾಪಸ್ ಕಳಿಸ್ತೀನಿ,” ಎಂದು ನಿರ್ದೇಶಕಿ ಗುಡುಗಿದ್ದಾರೆ. ಕೇಬಲಕ್ಕ ಏನೂ ಮಾಡಬೇಕಾಗಿಲ್ಲ. ದಿನಾ ನಿಲ್ಲುವಲ್ಲಿ ನಿಂತರೆ ಸಾಕು.

ಹಾದಿಯ ತುದಿಯಲ್ಲಿ, ಕತ್ತಲ ಪರದೆಯ ಹಿಂದೆ ಕಾಯುತ್ತಿರುವ ಕ್ಯಾಮೆರಾಮನ್‌ನನ್ನು ನಿರ್ದೇಶಕಿ ಹೆಡ್‌ಫೋನಿನಲ್ಲಿ ಕೇಳುತ್ತಾರೆ: “ಕ್ಯಾಮೆರಾ ಅಲ್ಲಾಡಿಸ್ತಿದ್ದೀಯಾ? ಕೈ ಬಿದ್ದು ಹೋಗಿದೆಯಾ ನಿಂಗೆ?” ಕ್ಯಾಮೆರಾಮನ್ ಮೈಕ್ ಮುಚ್ಚಿ, ಮೆಲ್ಲಗೆ ಕೇಳುತ್ತಾರೆ: “ಅಕ್ಕಾ, ನಿಜ ಹೇಳಿ, ನನ್ನ ಕೈ ನಡುಗ್ತಿದೆಯಾ?”

“ಇಲ್ಲ ತಮ್ಮಾ. ನಡಿ.”

ಸಂಗೀತ ಸಿಡಿಯುತ್ತದೆ. ಕೆಂಪು ಬೂಟು ಹೊರಗೆ ಬರುತ್ತದೆ. ಕೇಬಲಕ್ಕ ಪಕ್ಕಕ್ಕೆ, ಕಂಬಿಯಿಲ್ಲದ ಅಂಚಿನವರೆಗೆ ಸರಿಯುತ್ತಾರೆ. ಬೆಲ್ಟು ಬಿಡುವುದಿಲ್ಲ. ತೋಳು ಹಗ್ಗದಂತೆ ನೆಟ್ಟಗಾಗುತ್ತದೆ. ಅರ್ಧ ಪಾದ ಹಲಗೆಯ ಮೇಲೆ, ಅರ್ಧ ಗಾಳಿಯಲ್ಲಿ. ಹಾಗೆಯೇ ಮೂವತ್ತೆಂಟು ಮೀಟರ್. ಹೆಡ್‌ಫೋನಿನಲ್ಲಿ ಒಂದು ಮಾತೂ ಇಲ್ಲ. ತೆರೆಯ ಮೇಲೆ ಸಿಡಿಲಿನ ಮುಖ ಇಡಿಯಾಗಿ, ಹಣೆಯ ಬೆವರಹನಿ ಎಣಿಸುವಷ್ಟು ಸ್ಪಷ್ಟವಾಗಿ ಮೂಡುತ್ತದೆ.

ಪ್ರದರ್ಶನ ಮುಗಿದ ಮೇಲೆ ಕೇಬಲಕ್ಕ ಕ್ಯಾಮೆರಾಮನ್‌ನನ್ನು ಕರೆದುಕೊಂಡು ನೇರ ಎಂಜಿನಿಯರ್ ಬಳಿ ಹೋಗುತ್ತಾರೆ. “ನಿಮ್ಮ ಡಬ್ಬದ ತಪ್ಪಲ್ಲ ಸಾರ್, ಇವನ ಕೈ ತಪ್ಪೂ ಅಲ್ಲ. ಅಡ್ಡ ಬಂದಿದ್ದು ನನ್ನ ತಲೆ.” ಎಂಜಿನಿಯರ್ ನಂಬುವುದಿಲ್ಲ. ತಾವೇ ಕ್ಯಾಮೆರಾದ ಹಿಂದೆ ನಿಲ್ಲುತ್ತಾರೆ; ಚಿತ್ರ ಒಡೆಯುತ್ತದೆ. ಪಕ್ಕಕ್ಕೆ ಸರಿದರೆ ಕೂಡುತ್ತದೆ. ಮನುಷ್ಯನ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಚಿತ್ರ ಹೊತ್ತೊಯ್ಯುವ ರೇಡಿಯೊ ಅಲೆಗಳಿಗೆ ನೀರು ಎಂದರೆ ಗೋಡೆ. ಪುಸ್ತಕದಲ್ಲಿ ಓದಿದ್ದು ಬೆಳಿಗ್ಗೆ ನೆನಪಾಗಲಿಲ್ಲವಲ್ಲ ಎಂದು ಅವರು ಹಣೆ ಚಚ್ಚಿಕೊಳ್ಳುತ್ತಾರೆ.

ಕುರ್ಚಿ ಗುಡಿಸುವ ಹಳೆಯ ಗೆಳತಿ ಕಸಬರಿಕೆ ಊರಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. “ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡ್ಯಲ್ಲೇ ಮಾರಾಯ್ತಿ! ಬಾಯಿ ಮುಚ್ಕೊಂಡಿದ್ರೆ ಆಗ್ತಿರ್ಲಿಲ್ವಾ?”

“ತಲೆ ಅಡ್ಡ ಇಟ್ಟು ಎಷ್ಟು ದಿನ ಅನ್ನ ತಿನ್ನಲೇ?” ಎನ್ನುತ್ತಾರೆ ಕೇಬಲಕ್ಕ. ಆಮೇಲೆ ತಗ್ಗಿದ ದನಿಯಲ್ಲಿ, “ಅವನು ಒಂಬತ್ತು ವರ್ಷ ತಿರುಗಿ ನೋಡಿಲ್ಲ ನನ್ನ. ಅಷ್ಟು ನಂಬಿಕೆ.”

ಕೇಬಲ್ ಉಗ್ರಾಣ ಸೇರಿದೆ. ಬೆಲ್ಟ್ ಹಿಡಿಯಲು ಒಬ್ಬರು ಬೇಕೋ ಬೇಡವೋ ಎಂದು ತೀರ್ಮಾನಿಸಲು ನಿರ್ದೇಶಕಿ ಹದಿನೈದು ದಿನ ಕೇಳಿದ್ದಾರೆ. ಅಲ್ಲಿಯವರೆಗೆ ಕೇಬಲಕ್ಕನಿಗೆ ನಿದ್ದೆ ಅಷ್ಟಕ್ಕಷ್ಟೆ. ಆಸೆ ದೊಡ್ಡದೇನಲ್ಲ: “ಹೆಸರು ಏನಾದ್ರೂ ಇಟ್ಕೊಳ್ಳಲಿ, ಕೈ ಅಲ್ಲೇ ಇರಲಿ.” ಎಂಜಿನಿಯರ್ ಟೇಪು ಹಿಡಿದು ಎರಡು ಸಲ ಅಳೆದು, ವರದಿಯ ಕೊನೆಗೊಂದು ಸಾಲು ಸೇರಿಸಿದ್ದಾರೆ. ಬೆಲ್ಟ್ ಹಿಡಿಯುವವರು ಕ್ಯಾಮೆರಾಮನ್‌ನಿಂದ ಪಕ್ಕಕ್ಕೆ ನಿಲ್ಲಬೇಕಾದ ಅಂತರ 68 ಸೆಂಟಿಮೀಟರ್.